ಬ್ಯಾಂಡಿಗೆ ಕಿವಿಗೊಟ್ಟು ಕೂತವರು: ಅಮೆರಿಕದ ಹ್ಯಾಮ್‌ಗಳ ಸ್ವಯಂಸೇವಕ ನಿಗಾ ಸೇವೆಯ ವಿಮರ್ಶೆ

ಡಯಲ್ ಮೇಲೆ 7.177 ಮೆಗಾಹರ್ಟ್ಜ್ ಎಂದು ಕಾಣುತ್ತಿದ್ದಾಗ ನಾನು ನನ್ನ ಗಡಿಯೊಳಗೇ ಇದ್ದೇನೆ ಎಂದು ನಂಬಿದ್ದೆ. ನಾನೊಬ್ಬ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಆಪರೇಟರ್. ಅಮೆರಿಕದ ನಿಯಮಾವಳಿಯ ಪ್ರಕಾರ ಜನರಲ್ ದರ್ಜೆಯ (ಟೆಕ್ನಿಷಿಯನ್‌ಗಿಂತ ಮೇಲಿನ, ಅಡ್ವಾನ್ಸ್ಡ್ ಮತ್ತು ಎಕ್ಸ್‌ಟ್ರಾಗಿಂತ ಕೆಳಗಿನ ದರ್ಜೆ) ಲೈಸೆನ್ಸ್ ಇರುವವರು ನಲವತ್ತು ಮೀಟರ್ ಬ್ಯಾಂಡಿನಲ್ಲಿ 7.175ರಿಂದ 7.300 ಮೆಗಾಹರ್ಟ್ಜ್‌ವರೆಗೆ ಧ್ವನಿಯಲ್ಲಿ ಮಾತನಾಡಬಹುದು. ಇನ್ನೂ ಎರಡು ಕಿಲೋಹರ್ಟ್ಜ್ ಉಳಿದಿದೆಯಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಕೆಲವು ವಾರಗಳ ನಂತರ ಬಂದ ಚಿಕ್ಕದೊಂದು ಸೂಚನಾ ಪತ್ರ ಆ ಲೆಕ್ಕವನ್ನು ತಿದ್ದಿತು. ಆ ಬ್ಯಾಂಡಿನಲ್ಲಿ ಧ್ವನಿಗೆ ಎಲ್ಲರೂ ಬಳಸುವುದು ಲೋವರ್ ಸೈಡ್‌ಬ್ಯಾಂಡ್, ಅಂದರೆ ಕ್ಯಾರಿಯರ್ ಎಂಬ ಮೂಲ ಅಲೆಯ ಕೆಳಬದಿಯನ್ನಷ್ಟೇ ಕಳಿಸುವ ವಿಧಾನ. ಅಲ್ಲಿ ಡಯಲ್ ತೋರಿಸುವುದು ಪ್ರಸಾರದಲ್ಲಿ ಅಡಗಿಸಿಟ್ಟ ಕ್ಯಾರಿಯರ್‌ನ ಜಾಗವನ್ನು ಮಾತ್ರ. ನನ್ನ ಧ್ವನಿ ನಿಜವಾಗಿ ಕೂತಿದ್ದು ಅದರ ಕೆಳಗೆ, ಹತ್ತಿರ ಹತ್ತಿರ ಮೂರು ಕಿಲೋಹರ್ಟ್ಜ್ ಅಗಲಕ್ಕೆ ಕಾಲು ಚಾಚಿಕೊಂಡು. ಅಂದರೆ ನನ್ನ ಮಾತಿನ ಒಂದು ಪಾಲು 7.175ರ ಬೇಲಿ ದಾಟಿ, ಎಕ್ಸ್‌ಟ್ರಾ ಮತ್ತು ಅಡ್ವಾನ್ಸ್ಡ್ ದರ್ಜೆಯವರಿಗೆ ಮೀಸಲಾದ ಹೊಲದಲ್ಲಿ ಬಿದ್ದಿತ್ತು.

ಪತ್ರದಲ್ಲಿ ದಿನಾಂಕ, ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ಆವರ್ತನ ಮತ್ತು ಅನ್ವಯವಾಗುವ ನಿಯಮದ ಸಂಖ್ಯೆ ಇದ್ದವು. ಗದರಿಕೆ ಇರಲಿಲ್ಲ, ದಂಡದ ಮಾತೂ ಇರಲಿಲ್ಲ. ಮೊದಲು ಮುಖ ಬಿಸಿಯಾಯಿತು, ಆಮೇಲೆ ಲಾಗ್ ಪುಸ್ತಕ ತೆರೆದು ನೋಡಿದಾಗ ಸಮಯವೂ ಆವರ್ತನವೂ ಸರಿಯಾಗಿ ತಾಳೆಯಾದವು. ಈ ಪತ್ರವನ್ನು ಕಳಿಸುವ ವ್ಯವಸ್ಥೆಯ ಹೆಸರು ವಾಲಂಟಿಯರ್ ಮಾನಿಟರ್ ಪ್ರೋಗ್ರಾಂ. ಅದನ್ನು ಒಂದು ಸೇವೆಯೆಂದು ಪರಿಗಣಿಸಿ, ಅದರಿಂದ ತಿದ್ದಿಸಿಕೊಂಡವನೂ ಅದರ ಪ್ರಯೋಜನ ಪಡೆಯುವವನೂ ಆಗಿ, ಅದು ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಹವ್ಯಾಸಿ ರೇಡಿಯೋ ಲೈಸೆನ್ಸ್ ಇರುವವರ ಸಂಖ್ಯೆ ಏಳು ಲಕ್ಷಕ್ಕೂ ಹೆಚ್ಚು. ಅವರಿಗೆ ಅನ್ವಯಿಸುವ ನಿಯಮಗಳು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿಯ ನಿಯಮಾವಳಿಯ 97ನೇ ಭಾಗದಲ್ಲಿವೆ. ಇಷ್ಟು ಜನರ ಮೇಲೆ ಕಣ್ಣಿಡುವಷ್ಟು ಸಿಬ್ಬಂದಿ ಆ ಸಂಸ್ಥೆಯಲ್ಲಿ ಇರಲಿಲ್ಲ, ಇರುವ ಸಂಭವವೂ ಇಲ್ಲ. ಆದ್ದರಿಂದ 1982ರಲ್ಲಿ ಸಂಪರ್ಕ ಕಾಯ್ದೆಗೆ ತಂದ ತಿದ್ದುಪಡಿಯ ಮೂಲಕ, ನಿಯಮ ಉಲ್ಲಂಘನೆಗಳನ್ನು ಗಮನಿಸಲು ಹ್ಯಾಮ್‌ಗಳನ್ನೇ ಸಂಬಳವಿಲ್ಲದ ಸ್ವಯಂಸೇವಕರಾಗಿ ಬಳಸಿಕೊಳ್ಳುವ ಅಧಿಕಾರವನ್ನು ಎಫ್‌ಸಿಸಿಗೆ ನೀಡಲಾಯಿತು. ಪರೀಕ್ಷೆಗಳನ್ನು ಸ್ವಯಂಸೇವಕರೇ ನಡೆಸುವ ಈಗಿನ ಪದ್ಧತಿಯ ಬೇರೂ ಅದೇ ಕಾಯ್ದೆಯಲ್ಲಿದೆ. ಆ ತಿದ್ದುಪಡಿಯ ಹಿಂದೆ ನಿಂತಿದ್ದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸ್ವತಃ ಹ್ಯಾಮ್ ಆಗಿದ್ದರು. ಎಆರ್‌ಆರ್‌ಎಲ್ ಎಂಬ ರಾಷ್ಟ್ರೀಯ ಹ್ಯಾಮ್ ಸಂಘದ ಆಶ್ರಯದಲ್ಲಿ ಅಫಿಷಿಯಲ್ ಅಬ್ಸರ್ವರ್ ಎಂಬ ಹೆಸರಿನಲ್ಲಿ ಬಹುಕಾಲ ನಡೆದುಬಂದ ಈ ಕೆಲಸಕ್ಕೆ ಕ್ರಮೇಣ ಬಲ ಕುಂದಿತು. 2015ರಲ್ಲಿ ಎಫ್‌ಸಿಸಿ ತನ್ನ 24 ಕ್ಷೇತ್ರ ಕಚೇರಿಗಳ ಪೈಕಿ 11ನ್ನು ಮುಚ್ಚಲು ತೀರ್ಮಾನಿಸಿದ ಮೇಲೆ, ಸ್ವಯಂಸೇವಕರು ಬರೆದದ್ದನ್ನು ಓದುವವರಾದರೂ ಯಾರು ಎಂಬ ಪ್ರಶ್ನೆ ಎದ್ದಿತು. 2019ರಲ್ಲಿ ಎಫ್‌ಸಿಸಿ ಮತ್ತು ಎಆರ್‌ಆರ್‌ಎಲ್ ಹೊಸ ಒಡಂಬಡಿಕೆಗೆ ಸಹಿ ಹಾಕಿದವು. ಹಳೆಯ ವೀಕ್ಷಕರನ್ನು ಹಾಗೆಯೇ ಮುಂದುವರಿಸದೆ ಹೊಸದಾಗಿ ಅರ್ಜಿ ಕರೆದು, ತರಬೇತಿ ಕೊಟ್ಟು, ಆಯ್ದವರನ್ನಷ್ಟೇ ಸೇರಿಸಿಕೊಳ್ಳಲಾಯಿತು. ಎಫ್‌ಸಿಸಿಯಲ್ಲಿ ಹವ್ಯಾಸಿ ರೇಡಿಯೋ ನಿಯಮಪಾಲನೆಯ ಹೊಣೆ ಹೊತ್ತು ಹೆಸರಾಗಿದ್ದ ರೈಲಿ ಹಾಲಿಂಗ್ಸ್‌ವರ್ತ್ ಈ ಹೊಸ ವ್ಯವಸ್ಥೆಗೆ ಮೊದಲ ಸಂಯೋಜಕರಾಗಿ ಬಂದರು. ಈ ಒಡಂಬಡಿಕೆಯ ಜೀವಾಳವೆಂದರೆ, ಈ ದಾರಿಯಿಂದ ಬರುವ ಪ್ರಕರಣಗಳಿಗೆ ಎಫ್‌ಸಿಸಿ ಆದ್ಯತೆ ಕೊಡಬೇಕೆಂಬ ಮಾತು.

ಇನ್ನು ಸೇವೆಯ ಗುಣಮಟ್ಟ. ಮಾನಿಟರ್‌ಗೆ ಯಾವ ಅಧಿಕಾರವೂ ಇಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವರು ಯಾರ ಮನೆಯ ಬಾಗಿಲನ್ನೂ ತಟ್ಟುವಂತಿಲ್ಲ, ಉಪಕರಣ ತೋರಿಸಿ ಎನ್ನುವಂತಿಲ್ಲ, ದಂಡ ಹಾಕುವಂತಿಲ್ಲ. ಅವರ ಕೆಲಸ ಕೇಳುವುದು, ಕೇಳಿದ್ದನ್ನು ನಿಖರವಾಗಿ ಬರೆದಿಡುವುದು, ಬರೆದದ್ದನ್ನು ಮೇಲಕ್ಕೆ ಕಳಿಸುವುದು. ಹವ್ಯಾಸಿ ಪ್ರಸಾರ ಬಹಿರಂಗವಾದದ್ದೇ ಆಗಿರುವುದರಿಂದ, ಕೇಳಿಸಿಕೊಂಡದ್ದನ್ನು ದಾಖಲಿಸುವುದರಲ್ಲಿ ಗೋಪ್ಯತೆಯ ಪ್ರಶ್ನೆ ಏಳುವುದಿಲ್ಲ. ಅರ್ಥವನ್ನು ಮರೆಮಾಡುವ ಸಂಕೇತ ಭಾಷೆಯನ್ನು ಬಳಸುವುದೇ ಈ ಬ್ಯಾಂಡ್‌ಗಳಲ್ಲಿ ನಿಷಿದ್ಧ.

ಕೇಳುವುದು ಸುಲಭದ ಕೆಲಸ ಎಂದು ನಾನೂ ಅಂದುಕೊಂಡಿದ್ದೆ. ಪತ್ರ ಬಂದ ಮೇಲೆ ಕುತೂಹಲಕ್ಕೆ ಒಂದು ಸಂಜೆ, ಯಾವ ಜವಾಬ್ದಾರಿಯೂ ಇಲ್ಲದ ಕೇಳುಗನಾಗಿ, ಮಾನಿಟರ್ ಮಾಡುವುದನ್ನೇ ಮಾಡಿ ನೋಡಿದೆ. ಮೊದಲು ರಿಸೀವರನ್ನು ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಿಂದ 10 ಮೆಗಾಹರ್ಟ್ಜ್‌ನಲ್ಲಿ ಬರುವ ಡಬ್ಲ್ಯುಡಬ್ಲ್ಯುವಿ ಸಮಯ ಪ್ರಸಾರಕ್ಕೆ ಹೊಂದಿಸಿ, ನನ್ನ ಡಯಲ್ ಎಷ್ಟು ಹರ್ಟ್ಜ್ ಸುಳ್ಳು ಹೇಳುತ್ತಿದೆ ಎಂದು ಪರೀಕ್ಷಿಸಿಕೊಂಡೆ. ನನ್ನದೇ ತಕ್ಕಡಿ ತಪ್ಪಿದ್ದರೆ ಇನ್ನೊಬ್ಬರ ತೂಕ ಹೇಳುವುದು ಹೇಗೆ? ಆಮೇಲೆ ಹತ್ತು ಮೀಟರ್ ಬ್ಯಾಂಡಿಗೆ ಹೋದೆ. ಸೂರ್ಯನ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಈ ಬ್ಯಾಂಡ್ ಜಾತ್ರೆಯಂತಾಗುತ್ತದೆ. ಅಲ್ಲಿ ಟೆಕ್ನಿಷಿಯನ್ ದರ್ಜೆಯವರಿಗೆ ಧ್ವನಿಯಲ್ಲಿ ಮಾತನಾಡಲು 28.300ರಿಂದ 28.500 ಮೆಗಾಹರ್ಟ್ಜ್‌ವರೆಗಿನ ತುಂಡು ಮಾತ್ರ ಇದೆ, ಅದೂ 200 ವಾಟ್ ಮಿತಿಯಲ್ಲಿ.

28.520ರಲ್ಲಿ ಒಬ್ಬರು ಸಿಕ್ಯೂ (ಯಾರಾದರೂ ಮಾತಿಗೆ ಬನ್ನಿ ಎಂಬ ಆಹ್ವಾನ) ಕರೆಯುತ್ತಿದ್ದರು. ಸಂಕೇತಗಳನ್ನು ಚಿತ್ರವಾಗಿ ತೋರಿಸುವ ವಾಟರ್‌ಫಾಲ್ ಪರದೆಯ ಮೇಲೆ ಹಳದಿ ಗೆರೆ ಸ್ಪಷ್ಟವಾಗಿತ್ತು, ಸಂಕೇತದ ಬಲ ಅಳೆಯುವ ಎಸ್-ಮೀಟರ್ ಏಳರ ಹತ್ತಿರ ಆಡುತ್ತಿತ್ತು. ಅವರ ಕರೆಚಿಹ್ನೆಯನ್ನು (ಲೈಸೆನ್ಸ್ ಜೊತೆ ಸಿಗುವ ಗುರುತಿನ ಅಕ್ಷರ-ಅಂಕಿಗಳನ್ನು) ಬರೆದುಕೊಂಡು ಎಫ್‌ಸಿಸಿಯ ಲೈಸೆನ್ಸ್ ದತ್ತಾಂಶದಲ್ಲಿ ಹುಡುಕಿದೆ: ಟೆಕ್ನಿಷಿಯನ್. ಕಳ್ಳ ಸಿಕ್ಕ ಎಂಬ ಸಣ್ಣತನದ ಖುಷಿ ಆ ಕ್ಷಣಕ್ಕೆ ನನಗಾದದ್ದು ನಿಜ. ಆದರೆ ಹೆಡ್‌ಫೋನ್ ತೆಗೆಯದೆ ಇನ್ನೂ ಎರಡು ನಿಮಿಷ ಕೂತಿದ್ದಕ್ಕೆ ಮುಂದಿನ ಕರೆಯ ಕೊನೆಯಲ್ಲಿ ಅವರು ಹೇಳಿದ್ದು ಕೇಳಿಸಿತು: ಕರೆಚಿಹ್ನೆ, ಅದರ ಬಾಲಕ್ಕೆ "ಎಜಿ". ಜನರಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಕೈಗೆ ಬಂದಿದ್ದು, ಎಫ್‌ಸಿಸಿಯ ದತ್ತಾಂಶದಲ್ಲಿ ಹೊಸ ದರ್ಜೆ ಇನ್ನೂ ಏರದಿರುವವರು ಹೊಸ ಹಕ್ಕನ್ನು ಬಳಸುವಾಗ ಹೇಳಬೇಕಾದ ಗುರುತು ಅದು. ಮೊದಲ ಕರೆಯಲ್ಲಿ ಅದು ಫೇಡಿಂಗ್‌ನಲ್ಲಿ, ಅಂದರೆ ಸಂಕೇತದ ಏರಿಳಿತದಲ್ಲಿ, ಮುಳುಗಿತ್ತು. ಆ ಎರಡು ನಿಮಿಷ ನಾನು ಕಾಯದೇ ಹೋಗಿದ್ದರೆ, ಆಗಷ್ಟೇ ಪಾಸಾಗಿ ಸಂಭ್ರಮದಲ್ಲಿದ್ದ ಒಬ್ಬರ ಮೇಲೆ ನನ್ನ ಟಿಪ್ಪಣಿಯಲ್ಲಿ ಸುಳ್ಳು ಆರೋಪ ಉಳಿಯುತ್ತಿತ್ತು.

ಇಂಥ ಗುಂಡಿಗಳು ಇನ್ನೂ ಇವೆ. ಟೆಕ್ನಿಷಿಯನ್ ಒಬ್ಬರ ಸ್ಟೇಷನ್‌ನಿಂದ ಎಕ್ಸ್‌ಟ್ರಾ ದರ್ಜೆಯ ಅತಿಥಿ ಕಂಟ್ರೋಲ್ ಆಪರೇಟರ್ ಆಗಿ ಮಾತನಾಡುತ್ತಿದ್ದರೆ ಅವರಿಗೆ ತಮ್ಮ ದರ್ಜೆಯ ಹಕ್ಕುಗಳೇ ಇರುತ್ತವೆ, ಸ್ಟೇಷನ್ನಿನ ಕರೆಚಿಹ್ನೆಯ ಹಿಂದೆ ತಮ್ಮದನ್ನೂ ಸೇರಿಸಿ ಹೇಳಿದರಾಯಿತು. ಕಿಡಿಗೇಡಿಯೊಬ್ಬ ಬೇರೆಯವರ ಕರೆಚಿಹ್ನೆಯನ್ನೇ ಕದ್ದು ಬಳಸುತ್ತಿರಬಹುದು. 1500 ವಾಟ್‌ನ ಗರಿಷ್ಠ ಮಿತಿಯನ್ನು ಯಾರಾದರೂ ಮೀರುತ್ತಿದ್ದಾರೆಯೇ ಎಂಬುದನ್ನು ಸಾವಿರ ಮೈಲಿ ದೂರದಲ್ಲಿ ಕೂತು ಹೇಳಲು ಸಾಧ್ಯವೇ ಇಲ್ಲ, ಏಕೆಂದರೆ ಒಳ್ಳೆಯ ಆಂಟೆನಾ ಮತ್ತು ಒಳ್ಳೆಯ ಅಯಾನುಗೋಳ (ರೇಡಿಯೋ ಅಲೆಗಳನ್ನು ಭೂಮಿಗೆ ಮರಳಿಸುವ ಮೇಲಿನ ವಾತಾವರಣದ ಪದರ) ಸೇರಿದರೆ ನೂರು ವಾಟ್ ಕೂಡ ಗುಡುಗುತ್ತದೆ. ಈ ಎಲ್ಲ ಅನುಮಾನಗಳನ್ನೂ ಜರಡಿ ಹಿಡಿದ ಮೇಲಷ್ಟೇ ಪತ್ರ ಹೋಗಬೇಕು. ಮಾನಿಟರ್ ಬರೆದ ತಕ್ಷಣ ಅದು ಆಪರೇಟರ್ ಕೈ ಸೇರದೆ, ನಡುವೆ ಇನ್ನೊಂದು ಕಣ್ಣು ಅದನ್ನು ನೋಡುತ್ತದೆ ಎಂಬ ಕಾರಣಕ್ಕೇ ನನಗೆ ಈ ವ್ಯವಸ್ಥೆಯ ಮೇಲೆ ವಿಶ್ವಾಸ ಬಂದದ್ದು.

ಪ್ರತಿ ತಿಂಗಳ ಚಟುವಟಿಕೆಯ ಸಾರಾಂಶವನ್ನು ಓದಿದರೆ ಅದರ ದೈನಂದಿನ ಆಹಾರ ಯಾವುದೆಂದು ತಿಳಿಯುತ್ತದೆ. ಅಲ್ಲಿ ಸಾವಿರಾರು ಗಂಟೆಗಳ ಆಲಿಸುವಿಕೆಯ ಲೆಕ್ಕವಿರುತ್ತದೆ. ಅದರಡಿ ಇಂತಿಂಥ ರಾಜ್ಯಗಳ ಆಪರೇಟರ್‌ಗಳಿಗೆ ಇಂತಿಂಥ ಕಾರಣಕ್ಕೆ ಸೂಚನೆ ಹೋಗಿದೆ ಎಂದಷ್ಟೇ ಇರುತ್ತದೆ. ಮತ್ತೆ ಮತ್ತೆ ಬರುವ ವಿಷಯ ಎಫ್‌ಟಿ-8. ಹದಿನೈದು ಸೆಕೆಂಡಿನ ಸರದಿಗಳಲ್ಲಿ ಕಂಪ್ಯೂಟರ್‌ಗಳೇ ಸಂಕೇತ ವಿನಿಮಯ ಮಾಡಿಕೊಳ್ಳುವ ಈ ಡಿಜಿಟಲ್ ವಿಧಾನದಲ್ಲಿ, ತಂತ್ರಾಂಶದ ಪಟ್ಟಿಯಿಂದ 14.074 ಮೆಗಾಹರ್ಟ್ಜ್ ಆರಿಸಿ ಕ್ಲಿಕ್ ಮಾಡಿದರೆ ಸಾಕು, ರೇಡಿಯೋ ತಾನೇ ಅಲ್ಲಿಗೆ ಹೋಗುತ್ತದೆ. ಟೆಕ್ನಿಷಿಯನ್ ದರ್ಜೆಗೆ ಇಪ್ಪತ್ತು ಮೀಟರ್ ಬ್ಯಾಂಡಿನಲ್ಲಿ ಪ್ರಸಾರದ ಹಕ್ಕೇ ಇಲ್ಲ ಎಂಬ ಸಂಗತಿ ತಂತ್ರಾಂಶಕ್ಕೆ ತಿಳಿಯದು, ಅದು ಯಾರ ಲೈಸೆನ್ಸನ್ನೂ ಕೇಳುವುದಿಲ್ಲ. ಹೊಸಬರು ಅಪರಾಧದ ಉದ್ದೇಶದಿಂದ ಅಲ್ಲಿಗೆ ಹೋಗುವುದಿಲ್ಲ, ಎಲ್ಲರೂ ಇರುವ ಕಡೆ ಹೋಗುತ್ತಾರೆ. ಇಂಥವರಿಗೆ ಒಂದು ಸೌಜನ್ಯದ ಪತ್ರ ಸಾಕು. ನಾಚಿಕೆಯಾಗಿ ಪುಸ್ತಕ ತೆರೆಯುತ್ತಾರೆ, ಹಲವರು ಮುಂದಿನ ದರ್ಜೆಯ ಪರೀಕ್ಷೆಗೂ ಕೂರುತ್ತಾರೆ. ಇದೊಂದು ಕೆಲಸಕ್ಕೆ ನಾನು ಈ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ.

ಇನ್ನೊಂದು ಸಂಗತಿ ನನಗೆ ಅನಿರೀಕ್ಷಿತವಾಗಿತ್ತು. ತಪ್ಪು ಹುಡುಕುವವರು ಮೆಚ್ಚುಗೆಯ ಪತ್ರಗಳನ್ನೂ ಕಳಿಸುತ್ತಾರೆ. ಹೊಸಬರಿಗೆ ತಾಳ್ಮೆಯಿಂದ ಕಲಿಸಿದವರು, ಕೆಣಕಿದರೂ ಪ್ರತಿಕ್ರಿಯಿಸದೆ ನೆಟ್ (ನಿಗದಿತ ಹೊತ್ತಿಗೆ ಗಾಳಿಯಲ್ಲಿ ಸೇರುವ ಗುಂಪಿನ ಮಾತುಕತೆ) ನಡೆಸಿದವರು ಇಂಥ ಪತ್ರ ಪಡೆಯುತ್ತಾರೆ. ಇದನ್ನು ಅಲಂಕಾರಕ್ಕೆ ಸೇರಿಸಿದ್ದೆಂದು ಕೆಲವರು ಹಗುರವಾಗಿ ಮಾತನಾಡುವುದನ್ನು ಕೇಳಿದ್ದೇನೆ. ಆದರೆ ಯಾರೋ ಕೇಳುತ್ತಿದ್ದಾರೆ ಎಂಬ ಅರಿವು ಭಯವಾಗಿ ಮಾತ್ರ ಹರಡಿದರೆ ಬ್ಯಾಂಡ್ ಬಿಗುವಾಗುತ್ತದೆ. ಒಳ್ಳೆಯದನ್ನೂ ಕೇಳುತ್ತಾರೆ ಎಂದು ಗೊತ್ತಾದರೆ ಅದೇ ಅರಿವಿನ ಬಣ್ಣ ಬೇರೆಯಾಗುತ್ತದೆ ಎಂಬುದು ನನ್ನ ಅನಿಸಿಕೆ.

ಈ ಮಾನಿಟರ್‌ಗಳನ್ನು "ಬ್ಯಾಂಡ್ ಪೊಲೀಸ್" ಎಂದು ಹೀಯಾಳಿಸುವವರಿದ್ದಾರೆ. ಅವರು ಇಬ್ಬರು ಬೇರೆ ಬೇರೆ ಜನರನ್ನು ಒಂದೇ ಮಾಡಿಕೊಂಡಿದ್ದಾರೆ. ಬ್ಯಾಂಡ್ ಪೊಲೀಸ್ ಎಂಬ ಹೆಸರಿಗೆ ನಿಜವಾಗಿ ತಕ್ಕವರು, ದೂರದ ದ್ವೀಪವೊಂದರ ಸ್ಟೇಷನ್ ಒಂದು ಆವರ್ತನದಲ್ಲಿ ಮಾತನಾಡಿ ಐದು ಕಿಲೋಹರ್ಟ್ಜ್ ಮೇಲೆ ಕಿವಿಗೊಡುತ್ತಿರುವಾಗ, ತಿಳಿಯದೆ ಅದರ ಆವರ್ತನದಲ್ಲೇ ಕರೆದ ಒಬ್ಬ ಅಮಾಯಕನ ಮೇಲೆ "ಅಪ್, ಅಪ್" ಎಂದು ಹತ್ತು ಬಾಯಿಗಳಿಂದ ಕೂಗುವವರು. ಆ ಅಮಾಯಕನ ಕರೆ ನಾಲ್ಕು ಸೆಕೆಂಡಿನದು, ಇವರ ಕೂಗಾಟ ನಾಲ್ಕು ನಿಮಿಷದ್ದು. ದ್ವೀಪದ ಧ್ವನಿ ಮುಳುಗುವುದು ಎರಡನೆಯದರಲ್ಲಿ. ಮಾನಿಟರ್ ಆಗಿ ಕೂತವರಿಗೆ ಕೀ ಒತ್ತಿ ಪ್ರಸಾರ ಮಾಡುವುದು ಕೆಲಸದ ಭಾಗವೇ ಅಲ್ಲ.

ಇನ್ನು ದೌರ್ಬಲ್ಯಗಳ ಕಡೆಗೆ ಬರುತ್ತೇನೆ. ತಿಳಿಯದೆ ತಪ್ಪಿದವರನ್ನು ತಿದ್ದುವಲ್ಲಿ ಈ ವ್ಯವಸ್ಥೆ ಎಷ್ಟು ಸಮರ್ಥವೋ, ಬೇಕೆಂದೇ ಕೆಡಿಸುವವರ ಎದುರು ಅಷ್ಟೇ ನಿಧಾನ. ಉದ್ದೇಶಪೂರ್ವಕವಾಗಿ ಇನ್ನೊಬ್ಬರ ಸಂಭಾಷಣೆಗೆ ಅಡ್ಡಿಪಡಿಸಬಾರದು ಎಂದು ನಿಯಮ 97.101 ಸ್ಪಷ್ಟವಾಗಿ ಹೇಳುತ್ತದೆ; ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮತ್ತು ಮಾತು ಮುಗಿಸುವಾಗ ಕರೆಚಿಹ್ನೆ ಹೇಳಬೇಕೆಂದು 97.119 ಹೇಳುತ್ತದೆ. ಅಡ್ಡಿಪಡಿಸುವವನು ಎರಡನ್ನೂ ಒಟ್ಟಿಗೇ ಮುರಿಯುತ್ತಾನೆ, ಏಕೆಂದರೆ ಕೇಡು ಮಾಡುವಾಗ ಹೆಸರು ಹೇಳುವವರುಂಟೇ? 14.313 ಮತ್ತು 7.200ರಂಥ, ಹೆಸರು ಕೆಡಿಸಿಕೊಂಡ ಆವರ್ತನಗಳಲ್ಲಿ ಒಂದು ರಾತ್ರಿ ಕೂತರೆ ಬೈಗುಳ, ಹಾಡು, ಸೀಟಿ ಎಲ್ಲವೂ ಕಿವಿಗೆ ಬೀಳುತ್ತವೆ. ಕರೆಚಿಹ್ನೆಯಿಲ್ಲದ ಈ ಧ್ವನಿಗಳಿಗೆ ಪತ್ರ ಬರೆಯಲು ವಿಳಾಸ ಎಲ್ಲಿಂದ ತರುವುದು? ಶಾರ್ಟ್‌ವೇವ್ ಸಂಕೇತ ಅಯಾನುಗೋಳಕ್ಕೆ ಬಡಿದು ಇಳಿಯುವುದರಿಂದ, ಮನೆಯಲ್ಲಿ ಕೂತ ಸ್ವಯಂಸೇವಕರಿಗೆ ಅದರ ಮೂಲದ ದಿಕ್ಕು ಹಿಡಿಯುವುದು ಬಹಳ ಕಷ್ಟ. ಆ ಮಟ್ಟದ ದಿಕ್ಕುಪತ್ತೆಯ ಸಾಧನಗಳು ಸರ್ಕಾರದ ಕೈಯಲ್ಲಿವೆ. ಅವು ಯಾವಾಗ ಯಾರಿಗಾಗಿ ತಿರುಗುತ್ತವೆ ಎಂಬುದು ಸ್ವಯಂಸೇವಕರ ಕೈಯಲ್ಲಿಲ್ಲ.

ಎರಡು ಮೀಟರ್ ಬ್ಯಾಂಡಿನ ರಿಪೀಟರ್‌ಗಳಲ್ಲಿ ಪರಿಸ್ಥಿತಿ ತುಸು ಭಿನ್ನ, ಮತ್ತು ಇಲ್ಲಿ ಕೇಳುಗನ ಜಾಣ್ಮೆಗೆ ಅವಕಾಶ ಹೆಚ್ಚು. ರಿಪೀಟರ್ ಒಂದು ಆವರ್ತನದಲ್ಲಿ ಕೇಳಿಸಿಕೊಂಡು ಅದಕ್ಕಿಂತ 600 ಕಿಲೋಹರ್ಟ್ಜ್ ಆಚೆ ಅದನ್ನೇ ಮರುಪ್ರಸಾರ ಮಾಡುತ್ತದೆ. ಎಲ್ಲರೂ ಕೇಳುವುದು ಬೆಟ್ಟದ ಮೇಲಿಂದ ಹೊರಬರುವ ಧ್ವನಿಯನ್ನು; ಆದ್ದರಿಂದ ಕಿಡಿಗೇಡಿ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಆದರೆ ರೇಡಿಯೋದ ರಿವರ್ಸ್ ಗುಂಡಿ ಒತ್ತಿ ರಿಪೀಟರ್‌ನ ಒಳಹರಿವಿನ ಆವರ್ತನವನ್ನೇ ಕೇಳಿದರೆ, ಅವನ ನೇರ ಸಂಕೇತ ನಮಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದಾನೆಯೇ ಎಂದು ಗೊತ್ತಾಗುತ್ತದೆ. ಊರಿನ ಮೂರು ಮೂಲೆಗಳಿಂದ ಮೂವರು, ಒಂದೇ ದಿಕ್ಕಿಗೆ ಚುರುಕಾದ ಯಾಗಿ ಆಂಟೆನಾ ತಿರುಗಿಸಿ ದಿಕ್ಕು ಗುರುತಿಸಿದರೆ ನಕ್ಷೆಯ ಮೇಲೆ ಗೆರೆಗಳು ಒಂದೆಡೆ ಕೂಡುತ್ತವೆ. ಹ್ಯಾಮ್‌ಗಳು ಆಟಕ್ಕೆಂದು ಆಡುವ ನರಿಬೇಟೆಯ (ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕುವುದರ) ವಿದ್ಯೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ತೊಂದರೆ ಏನೆಂದರೆ, ಅವನು ಕಾರಿನಲ್ಲಿ ಓಡಾಡುತ್ತಾ ಒಂದೊಂದು ಬಾರಿಗೆ ಮೂರೇ ಸೆಕೆಂಡು ಕೀ ಒತ್ತುವವನಾಗಿದ್ದರೆ ಗೆರೆಗಳು ಕೂಡುವ ಮೊದಲೇ ಜಾಗ ಖಾಲಿ.

ಸರಿ, ಪತ್ತೆಯಾಯಿತು ಎಂದುಕೊಳ್ಳೋಣ. ಅಲ್ಲಿಂದ ಮುಂದೆ ಎಚ್ಚರಿಕೆಯ ಪತ್ರ, ಉಲ್ಲಂಘನೆಯ ನೋಟಿಸ್, ದಂಡದ ಪ್ರಸ್ತಾವ, ಲೈಸೆನ್ಸ್ ನವೀಕರಣಕ್ಕೆ ತಡೆ, ರದ್ದತಿ ಎಂಬ ಮೆಟ್ಟಿಲುಗಳಿವೆ. ಮೆಟ್ಟಿಲು ಹತ್ತುವ ವೇಗಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇದು ಮಾನಿಟರ್‌ಗಳಿಂದ ಬಂದ ಪ್ರಕರಣವಲ್ಲ. 2021ರ ಬೇಸಿಗೆಯಲ್ಲಿ ಐಡಾಹೋದ ಕಾಳ್ಗಿಚ್ಚೊಂದನ್ನು ನಂದಿಸುತ್ತಿದ್ದ ಸರ್ಕಾರಿ ಸಿಬ್ಬಂದಿಯ ಆವರ್ತನದಲ್ಲಿ ಲೈಸೆನ್ಸ್ ಹೊಂದಿದ ಹ್ಯಾಮ್ ಒಬ್ಬರು ಮಾತನಾಡಿದರು. ಹವ್ಯಾಸಿಗಳಿಗೆ ಅಲ್ಲಿ ಕಾಲಿಡುವ ಹಕ್ಕೇ ಇರಲಿಲ್ಲ. ಎಫ್‌ಸಿಸಿ 34,000 ಡಾಲರ್ ದಂಡವನ್ನು ಪ್ರಸ್ತಾಪಿಸಿದ್ದು 2022ರಲ್ಲಿ, ಹತ್ತಿರ ಹತ್ತಿರ ಒಂದು ವರ್ಷ ಕಳೆದ ಮೇಲೆ, ಅದೂ ಪ್ರಸ್ತಾವವಾಗಿ. ಬೆಂಕಿ, ವಿಮಾನ, ಜನರ ಪ್ರಾಣ ಒಳಗೊಂಡ ವಿಷಯಕ್ಕೇ ಇಷ್ಟು ಸಮಯ ಹಿಡಿದರೆ, ರಿಪೀಟರ್‌ನಲ್ಲಿ ಸೀಟಿ ಹೊಡೆಯುವವನ ಕಡತ ಯಾವ ಅಟ್ಟದ ಮೇಲಿರುತ್ತದೆ ಎಂದು ಊಹಿಸಬಹುದು. ಇದರ ತಪ್ಪನ್ನು ಸ್ವಯಂಸೇವಕರ ತಲೆಗೆ ಕಟ್ಟುವಂತಿಲ್ಲ. ಆದರೆ ಸೇವೆಯನ್ನು ಬಳಸುವವನಿಗೆ ಕೊನೆಗೆ ಕಾಣುವುದು ಫಲಿತಾಂಶ ಮಾತ್ರ, ಯಾವ ಕೊಠಡಿಯಲ್ಲಿ ತಡವಾಯಿತು ಎಂಬುದು ಕಾಣುವುದಿಲ್ಲ.

ನನ್ನ ದೊಡ್ಡ ಆಕ್ಷೇಪವೂ ಕಾಣುವುದಕ್ಕೆ ಸಂಬಂಧಿಸಿದ್ದೇ. ಮಾಸಿಕ ಸಾರಾಂಶದಲ್ಲಿ ರಾಜ್ಯದ ಹೆಸರಿರುತ್ತದೆ, ಕರೆಚಿಹ್ನೆ ಇರುವುದಿಲ್ಲ. ತಪ್ಪಿತಸ್ಥರ ಮಾನ ಕಾಯುವ ಈ ಕ್ರಮ ಸರಿಯಾದದ್ದು. ನನ್ನ ಹೆಸರೂ ಎಲ್ಲರ ಕಣ್ಣಿಗೆ ಬೀಳದೆ ಉಳಿದದ್ದು ಅದರಿಂದಲೇ. ಆದರೆ ತಿಂಗಳುಗಟ್ಟಲೆ ಅಡ್ಡಿ ಸಹಿಸಿಕೊಂಡ ಒಂದು ನೆಟ್‌ನ ಸದಸ್ಯರು ಆ ಸಾರಾಂಶವನ್ನು ಓದಿದರೆ ತಮ್ಮ ವಿಷಯ ಯಾರ ಮೇಜಿನ ಮೇಲಿದೆ, ಮುಂದೆ ಹೋಯಿತೇ, ಸಾಕ್ಷ್ಯ ಸಾಲದೆ ಮುಚ್ಚಿತೇ ಎಂಬುದನ್ನು ಅದರಿಂದ ತಿಳಿಯಲಾರರು. ಯಾರ ಹೆಸರನ್ನೂ ಬಯಲು ಮಾಡದೆ, ಬಂದ ದೂರುಗಳೆಷ್ಟು, ಸೂಚನೆಯಿಂದ ಸರಿಹೋದವೆಷ್ಟು, ಎಫ್‌ಸಿಸಿಗೆ ಹೋದವೆಷ್ಟು, ಅಲ್ಲಿ ಬಾಕಿಯಿರುವವು ಎಷ್ಟು ದಿನಗಳಿಂದ ಎಂಬ ನಾಲ್ಕು ಅಂಕಿಗಳನ್ನು ಕೊಡುವುದು ಅಸಾಧ್ಯವಾದ ಕೆಲಸವಲ್ಲ.

ಹೋಲಿಕೆಗೆ ಇನ್ನೊಂದು ವ್ಯವಸ್ಥೆಯನ್ನು ಉಲ್ಲೇಖಿಸಬೇಕು, ಏಕೆಂದರೆ ಇವೆರಡನ್ನೂ ಹಲವರು ಕಲಸಿಕೊಳ್ಳುತ್ತಾರೆ. 1925ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟಕ್ಕೂ ತನ್ನದೇ ನಿಗಾ ವ್ಯವಸ್ಥೆಯಿದೆ, ಅಲ್ಲಿಯೂ ಸ್ವಯಂಸೇವಕರೇ. ಅವರು ಹುಡುಕುವುದು ಹ್ಯಾಮ್‌ಗಳ ತಪ್ಪನ್ನಲ್ಲ. ಹ್ಯಾಮ್‌ಗಳ ಬ್ಯಾಂಡಿಗೆ ನುಗ್ಗುವ ರಾಡಾರ್, ಸೇನಾ ಸಂಕೇತ, ಪ್ರಸಾರ ಕೇಂದ್ರಗಳನ್ನು. 1976ರಿಂದ 1989ರವರೆಗೆ ಮರಕುಟುಕನಂತೆ ಟಕಟಕ ಎನ್ನುತ್ತಾ ಶಾರ್ಟ್‌ವೇವ್ ತುಂಬ ಓಡಾಡಿದ ಸೋವಿಯತ್ ರಾಡಾರ್‌ನ ಸದ್ದನ್ನು ಹಳಬರು ಈಗಲೂ ಬಾಯಲ್ಲಿ ಅನುಕರಿಸಿ ತೋರಿಸುತ್ತಾರೆ. 7.039ರ ಸುತ್ತ ಒಂದೇ ಅಕ್ಷರವನ್ನು ಮೋರ್ಸ್‌ನಲ್ಲಿ ಜಪಿಸುವ ರಷ್ಯನ್ ಬೀಕನ್‌ಗಳನ್ನು ಇಂದೂ ಕೇಳಬಹುದು. ದೇಶಗಳ ಸೇನೆಗಳ ವಿರುದ್ಧದ ದೂರು ಸರ್ಕಾರಗಳ ಮೂಲಕವೇ ಸಾಗಬೇಕಾದ್ದರಿಂದ ಅವರ ಕೆಲಸ ಇನ್ನೂ ಕಷ್ಟದ್ದು. ಅವರ ಪಕ್ಕದಲ್ಲಿಟ್ಟು ನೋಡಿದರೆ ಅಮೆರಿಕದ ಮಾನಿಟರ್‌ಗಳಿಗೆ ಒಂದು ದೊಡ್ಡ ಅನುಕೂಲವಿದೆ: ಅವರ ಎದುರಿಗಿರುವ ಬಹುಪಾಲು ಜನ ಲೈಸೆನ್ಸ್ ಉಳಿಸಿಕೊಳ್ಳಬಯಸುವವರು.

ಯಾರಿಗೆ ಶಿಫಾರಸು ಮಾಡುತ್ತೇನೆ ಎಂದರೆ, ಪಕ್ಕದ ಆವರ್ತನಗಳಿಗೆಲ್ಲ ಕೊಚ್ಚೆ ಎರಚುವ ಕೆಟ್ಟ ಸಂಕೇತ, ದರ್ಜೆ ಮೀರಿದ ಪ್ರಸಾರ, ಕರೆಚಿಹ್ನೆ ಹೇಳದ ಅಭ್ಯಾಸ, ಗಮನಿಸದೆ ಬಿಟ್ಟ ಸ್ವಯಂಚಾಲಿತ ಡಿಜಿಟಲ್ ಸ್ಟೇಷನ್ ಇಂಥವುಗಳಿಂದ ಬೇಸತ್ತವರು ಗಾಳಿಯಲ್ಲಿ ಜಗಳಕ್ಕೆ ನಿಲ್ಲುವ ಬದಲು ಇತ್ತ ತಿಳಿಸುವುದು ಖಂಡಿತ ಮೇಲು. ತಿಳಿಸುವಾಗ "ಇವನು ಯಾವಾಗಲೂ ಹೀಗೆಯೇ" ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ಯುಟಿಸಿ ದಿನಾಂಕ ಮತ್ತು ಸಮಯ, ಕಿಲೋಹರ್ಟ್ಜ್‌ವರೆಗಿನ ಆವರ್ತನ, ಪ್ರಸಾರದ ವಿಧ, ಕೇಳಿದ ಕರೆಚಿಹ್ನೆ, ಕೇಳಿದವರು ಇದ್ದ ಸ್ಥಳ, ಸಾಧ್ಯವಾದರೆ ಧ್ವನಿಮುದ್ರಣ, ಇವು ಒಂದೇ ಬಾರಿಗಲ್ಲದೆ ಬೇರೆ ಬೇರೆ ದಿನಗಳದ್ದು ಇರಬೇಕು. ರಾತ್ರಿಯೊಳಗೆ ಕಿಡಿಗೇಡಿಯ ಬಾಯಿ ಮುಚ್ಚಬೇಕು ಎಂದು ನಿರೀಕ್ಷಿಸುವವರು ನಿರಾಶರಾಗುತ್ತಾರೆ. ಅಂಥವರು ಸದ್ಯಕ್ಕೆ ಹತ್ತು ಕಿಲೋಹರ್ಟ್ಜ್ ಪಕ್ಕಕ್ಕೆ ಸರಿದು ಮಾತು ಮುಂದುವರಿಸುವುದೇ ಪ್ರಾಯೋಗಿಕ, ಏಕೆಂದರೆ ಉತ್ತರ ಸಿಗದ ಕೂಗುಮಾರಿ ಹೆಚ್ಚು ಹೊತ್ತು ಕೂಗುವುದಿಲ್ಲ.

ನನ್ನ ಮಟ್ಟಿಗೆ, ಐದಕ್ಕೆ ಮೂರೂವರೆ ನಕ್ಷತ್ರ. ಕಳೆದ ಒಂದೂವರೆ ನಕ್ಷತ್ರ ಆ ನಾಲ್ಕು ಅಂಕಿಗಳಿಗೆ ಮತ್ತು ಎಫ್‌ಸಿಸಿಯ ಬಾಗಿಲಿನ ಆಚೆಗಿನ ಮೌನಕ್ಕೆ. ಕೊಟ್ಟ ಮೂರೂವರೆಯಲ್ಲಿ ಅರ್ಧ, 7.177ರಲ್ಲಿ ಕೂತು ನಾನು ಅಷ್ಟು ಆತ್ಮವಿಶ್ವಾಸದಿಂದ ಮಾತನಾಡುತ್ತಿದ್ದಾಗ ನಡುವೆ ಬಾಯಿ ಹಾಕದೆ, ಸಮಯವನ್ನು ನಿಮಿಷದವರೆಗೆ ಸರಿಯಾಗಿ ಬರೆದುಕೊಂಡ ಆ ಅಪರಿಚಿತ ಕೇಳುಗರಿಗೆ.